ಬೆಳ್ಳಿಯ ತೆರೆಯ ಮೇಲಿನ ಕುದುರೆ

ಕಳೆದ ಮಳೆಗಾಲದ ಒಂದು ಶನಿವಾರ ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗಾಗಿ ನಮ್ಮ ಶಾಲೆಯ ಸಭಾಗೃಹದಲ್ಲಿ 'ಶೋಲೆ' ಚಿತ್ರವನ್ನು ತೋರಿಸಿದೆವು. ಆ ಹಳೆಯ ಹಿಂದೀ ಚಿತ್ರವನ್ನೇ ಆರಿಸಿಕೊಳ್ಳಲು ಒಂದು ಕಾರಣವಿದ್ದಿತು. 1975ರಲ್ಲಿ ಬೆಳಕು ಕಂಡ ಆ ಚಿತ್ರದ ರಾಮಗಡವೆಂಬ ಹಳ್ಳಿಯನ್ನು ಕಟ್ಟಿದ್ದು ಕರ್ನಾಟಕದ ರಾಮನಗರದ ಹೆಬ್ಬಂಡೆಗಳ ನಡುವೆ. ಅದರ ರೈಲುದರೋಡೆಯ ಭಾಗವನ್ನು ತೆಗೆದದ್ದು ನಮ್ಮ ಮುಂಬಯಿಗೆ ಸಮೀಪವಾದ ಪನವೇಲಿನ ಕಡೆಯಲ್ಲಿ. ತಾಯ್ನಾಡು, ಅನ್ನವಿತ್ತ ಊರು ಎರಡೂ ಒಂದೇ ತೆರೆಯ ಮೇಲೆ ಕಾಣುವುದು ಮಕ್ಕಳಿಗೆ ಸಂತೋಷವನ್ನು ಕೊಟ್ಟೀತೆಂದು ನಾವು ಎಣಿಸಿದ್ದೆವು.

ಚಿತ್ರ ಮುಗಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಕುದುರೆಯ ಮೇಲಿಂದ ಬೀಳುವ ಮನುಷ್ಯನಿಗೆ ಇದು ಆಟವೆಂದು ಗೊತ್ತಿರುತ್ತದೆ. ಕುದುರೆಗೆ ಗೊತ್ತಿರುತ್ತದೆಯೇ?" ಹೊತ್ತಾಗಿತ್ತು, ಮಳೆಯೂ ಜೋರಾಗಿತ್ತು, ಲೋಕಲು ಗಾಡಿಗಳು ನಿಂತಾವೆಂಬ ಚಿಂತೆ ಬೇರೆ. "ಅವೆಲ್ಲ ಕಲಿಸಿದ ಕುದುರೆಗಳಮ್ಮ, ಅವಕ್ಕೇನೂ ಆಗುವುದಿಲ್ಲ" ಎಂದು ಹೇಳಿ ಅವಳನ್ನು ಕೂರಿಸಿಬಿಟ್ಟೆವು. ಆಕೆ ಕುಳಿತುಕೊಂಡಳು, ಆದರೆ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ತಿಳಿಯದೆ ಕೊಟ್ಟ ಉತ್ತರ ನಮ್ಮನ್ನೂ ಕುಟುಕುತ್ತಲೇ ಇದ್ದಿತು. ಆ ಬಳಿಕ ಓದಿ, ಕೇಳಿ, ಒಂದು ದಿನ ಕಣ್ಣಾರೆ ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಚಲಚ್ಚಿತ್ರಕ್ಕೂ ಕುದುರೆಗೂ ಇರುವ ನಂಟು ಚಲಚ್ಚಿತ್ರ ಹುಟ್ಟುವುದಕ್ಕಿಂತ ಮೊದಲಿನದು. ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಲೇ ನೆಲವನ್ನು ಬಿಡುತ್ತವೆಯೇ ಎಂಬುದು ಹಿಂದಿನ ಶತಮಾನಗಳಲ್ಲಿ ದೊಡ್ಡ ಚರ್ಚೆಯ ವಿಷಯವಾಗಿದ್ದಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಶ್ರೀಮಂತರಿಗೆ ಕುದುರೆಗಳ ಹುಚ್ಚು. ಅವರ ನೆರವಿನಿಂದ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕರು 1878ರ ಜೂನ್ ತಿಂಗಳಲ್ಲಿ ಓಟದ ಹಾದಿಯ ಪಕ್ಕದಲ್ಲಿ ಕ್ಯಾಮರಾಗಳ ಸಾಲನ್ನು ಹೂಡಿ, ಕುದುರೆ ಮುಂದೆ ಸಾಗಿದಂತೆ ಒಂದಾದ ಮೇಲೊಂದು ತಾವಾಗಿಯೇ ಚಿತ್ರ ಹಿಡಿಯುವಂತೆ ಏರ್ಪಡಿಸಿದರು. ನಾಲ್ಕು ಕಾಲುಗಳೂ ನೆಲ ಬಿಡುವುದು ನಿಜವೆಂದು ತೋರಿತು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಮುಂಗಾಲುಗಳು ಮುಂದಕ್ಕೂ ಹಿಂಗಾಲುಗಳು ಹಿಂದಕ್ಕೂ ಚಾಚಿದಾಗಲ್ಲ. ನಾಲ್ಕೂ ಹೊಟ್ಟೆಯ ಕೆಳಗೆ ಮಡಚಿ ಕೂಡಿದಾಗ. ಆ ಬಿಡಿ ಚಿತ್ರಗಳನ್ನು ವೇಗವಾಗಿ ತಿರುಗಿಸಿ ನೋಡಿದರೆ ಕುದುರೆ ಓಡಿದಂತೆ ಕಾಣುತ್ತಿದ್ದಿತು. ಚಲಚ್ಚಿತ್ರಕ್ಕೆ ದಾರಿ ತೋರಿಸಿದವರಲ್ಲಿ ಒಂದು ಕುದುರೆಯೂ ಸೇರಿದೆಯೆಂದರೆ ತಪ್ಪಾಗದು.

ಇನ್ನು ಕುದುರೆಯ ಸ್ವಭಾವವನ್ನು ತಿಳಿಯದೆ ಅದರ ಕೆಲಸ ನಮಗೆ ಅರ್ಥವಾಗದು. ಕುದುರೆ ಹುಲ್ಲು ತಿನ್ನುವ ಪ್ರಾಣಿ; ಹುಲಿ, ತೋಳಗಳಿಗೆ ಆಹಾರವಾಗುವ ಪ್ರಾಣಿ. ಕೊಂಬಿಲ್ಲ, ಉಗುರಿಲ್ಲ. ಅದಕ್ಕಿರುವ ಮುಖ್ಯ ರಕ್ಷಣೆ ಓಟ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ತಲೆ ತಿರುಗಿಸದೆಯೇ ಸುತ್ತಮುತ್ತಲಿನ ಬಹುಭಾಗವನ್ನು ಅದು ಕಾಣಬಲ್ಲುದು. ಆದರೆ ಹಣೆಯ ನೇರ ಮುಂದೆಯೂ ಬಾಲದ ನೇರ ಹಿಂದೆಯೂ ಅದಕ್ಕೆ ಕುರುಡು. ಆದುದರಿಂದಲೇ ಹಿಂದಿನಿಂದ ಸದ್ದಿಲ್ಲದೆ ಹೋದವರಿಗೆ ಒದೆ ಬೀಳುವುದು. ಅದು ಕುದುರೆಯ ದುಷ್ಟತನವಲ್ಲ, ಹೆದರಿಕೆ. ಎರಡು ಕಿವಿಗಳನ್ನು ಎರಡು ಬೇರೆ ದಿಕ್ಕುಗಳಿಗೆ ತಿರುಗಿಸಬಲ್ಲುದು, ನಮಗೆ ಕೇಳಿಸದ ಸಣ್ಣ ಕೀರಲು ಸ್ವರವೂ ಅದಕ್ಕೆ ಕೇಳಿಸುತ್ತದೆ. ಇಂಥ ಪ್ರಾಣಿಯನ್ನು ತಂದು ಕಣ್ಣು ಕುಕ್ಕುವ ದೀಪಗಳು, ಗಾಳಿಗೆ ಪಟಪಟಿಸುವ ಬಿಳಿಯ ಬಟ್ಟೆಗಳು, ಹಾವಿನಂತೆ ಹರಿದಾಡುವ ವಿದ್ಯುತ್ತಿನ ತಂತಿಗಳು, ಕೂಗಾಡುವ ನೂರು ಜನ ಇವುಗಳ ನಡುವೆ ನಿಲ್ಲಿಸಬೇಕು. ಅದು ನಿಲ್ಲುವುದೇ ಒಂದು ಸೋಜಿಗ.

ನಿಲ್ಲುವಂತೆ ಮಾಡುವ ವಿದ್ಯೆ ಅವಸರದ್ದಲ್ಲ. ಮದ್ದಿನ ಸದ್ದಿಗೆ ಒಗ್ಗಿಸಬೇಕಾದರೆ ಮೊದಲು ಬಹಳ ದೂರದಲ್ಲಿ ಸಣ್ಣ ಸದ್ದು ಮಾಡುತ್ತಾರೆ, ಆಗ ಕುದುರೆಯ ಮುಂದೆ ಹುರುಳಿಯೋ ಹಸಿ ಹುಲ್ಲೋ ಇರುತ್ತದೆ. ಕಿವಿ ನಿಮಿರಿಸಿ ಮತ್ತೆ ಮೇವಿಗೆ ಬಾಯಿ ಹಾಕಿತೆಂದರೆ ಆ ದಿನದ ಪಾಠ ಮುಗಿಯಿತು. ಮರುದಿನ ಸದ್ದು ಸ್ವಲ್ಪ ಹತ್ತಿರ ಬರುತ್ತದೆ. ಕೊಡೆ, ಬಾವುಟ, ಹೊಗೆ ಎಲ್ಲಕ್ಕೂ ಇದೇ ಕ್ರಮ. ನೆಲದ ಮೇಲಿಟ್ಟ ಗುರುತಿನ ಮೇಲೆ ಮುಂಗಾಲಿಟ್ಟು ನಿಲ್ಲುವುದು, ಕರೆದರೆ ಬರುವುದು, ಹಿಂಗಾಲುಗಳ ಮೇಲೆ ಏಳುವುದು, ಮಲಗುವುದು ಇವೆಲ್ಲ ಒಂದೊಂದು ಸನ್ನೆಗೆ ಕಲಿಸಿದ ಪಾಠಗಳು. ತೆರೆಯ ಮೇಲೆ ಸತ್ತ ಒಡೆಯನ ಮುಖವನ್ನು ಮೂಸಿ ಶೋಕಿಸುವ ಕುದುರೆಯನ್ನು ಕಂಡು ನಾವು ಕಣ್ಣೀರಿಡುತ್ತೇವೆ. ನಟನ ಅಂಗಿಯ ಕೊರಳಪಟ್ಟಿಯೊಳಗೆ ಬೆಲ್ಲದ ತುಣುಕಿದ್ದರೆ ಆ ಶೋಕ ಇನ್ನೂ ಚೆನ್ನಾಗಿ ಬರುತ್ತದೆಂದು ಒಬ್ಬ ಅನುಭವಿಗಳು ನಗುತ್ತ ನಮಗೆ ಹೇಳಿದರು.

ಉಪನಗರದ ಬಯಲೊಂದರಲ್ಲಿ ನಡೆಯುತ್ತಿದ್ದ ಚಿತ್ರೀಕರಣವನ್ನು ನೋಡಲು ಪರಿಚಿತರೊಬ್ಬರ ಮೂಲಕ ನಮಗೆ ಅನುಮತಿ ದೊರಕಿತ್ತು. ಬೆಳಗ್ಗೆ ಏಳು ಗಂಟೆಗೆ ಹೋದೆವು. ಕುದುರೆಗಳು ನಮಗಿಂತ ಎರಡು ಗಂಟೆ ಮೊದಲೇ ಬಂದು ಮೈಯುಜ್ಜಿಸಿಕೊಂಡು, ಲಾಳಗಳ ಪರೀಕ್ಷೆ ಮುಗಿಸಿಕೊಂಡು ನಿಂತಿದ್ದುವು. ಅವುಗಳಲ್ಲೊಂದು ಕಂದುಬಣ್ಣದ ಗಂಡುಕುದುರೆ. ಸೇನಾಪತಿಯ ವೇಷದ ನಟರು ಅದನ್ನೇರಿ ಕೋಟೆಯ ಬಾಗಿಲಿನಿಂದ ಹೊರಬರಬೇಕು. ಆಗುವ ಕೆಲಸ ಇಷ್ಟೇ. ಮೊದಲನೆಯ ಸಲ ನಟರ ಮುಂಡಾಸು ಜಾರಿತು. ಎರಡನೆಯ ಸಲ ಸೂರ್ಯ ಮೋಡದೊಳಗಾದನು. ಮೂರನೆಯ ಸಲದ ಹೊತ್ತಿಗೆ ಕುದುರೆ ಪಾಠವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತುಬಿಟ್ಟಿದ್ದಿತು. ದಿಗ್ದರ್ಶಕರು "ಆ್ಯಕ್ಷನ್" ಎಂದು ಬಾಯಿ ತೆರೆಯುವುದೇ ತಡ, ನಟರು ಲಗಾಮನ್ನು ಸರಿಯಾಗಿ ಹಿಡಿಯುವ ಮೊದಲೇ ಹೊರಟುಬಿಟ್ಟಿತು! ಇದು ಎಲ್ಲ ದೇಶಗಳ ಚಿತ್ರೀಕರಣಗಳಲ್ಲಿಯೂ ಇರುವ ತೊಡಕಂತೆ. ಆಮೇಲೆ ದಿಗ್ದರ್ಶಕರು ಮಾತು ಬಿಟ್ಟು ಕೈಸನ್ನೆಯಿಂದ ಕೆಲಸ ನಡೆಸಿದರು.

ಅಲ್ಲಿಯ ಕುದುರೆಯಾಳು ಸುಮಾರು ಐವತ್ತರ ವಯಸ್ಸಿನವರು. ನಟರು ಜೀನಿನಿಂದ ಇಳಿದೊಡನೆ ಕೊಡೆಯೂ ತಣ್ಣನೆಯ ಪಾನೀಯವೂ ಅವರ ಬಳಿಗೆ ಓಡಿದುವು. ಈ ಹಿರಿಯರು ಮಾತ್ರ ಕುದುರೆಯ ಬಳಿಗೆ ಹೋಗಿ ಜೀನಿನ ಪಟ್ಟಿಯನ್ನು ಸಡಿಲಿಸಿ, ನೆರಳಿಗೆ ಕರೆದೊಯ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಂದು ಸಲ ಓಡಿಸಬೇಕೆಂಬ ಮಾತು ಬಂದಾಗ ಅವರು ಕುದುರೆಯ ಪಕ್ಕೆಯ ಮೇಲೆ ಕೈಯಿಟ್ಟು, ಉಸಿರು ಎಣಿಸಿ, "ಇನ್ನು ಅರ್ಧ ಗಂಟೆ ಆಗದು" ಎಂದರು. ಲಕ್ಷಗಟ್ಟಲೆ ವೆಚ್ಚದ ಕೆಲಸ ಅರ್ಧ ಗಂಟೆ ನಿಂತಿತು. ಅವರ ಮಾತನ್ನು ಯಾರೂ ಮೀರಲಿಲ್ಲ. ಎಲ್ಲ ಕಡೆಯಲ್ಲಿಯೂ ಹೀಗೆಯೇ ನಡೆಯುತ್ತದೆಂದು ಹೇಳುವ ಧೈರ್ಯ ನಮಗಿಲ್ಲ.

ಈಗ ಬೀಳುವ ವಿಚಾರಕ್ಕೆ ಬರೋಣ. ಓಡುವ ಕುದುರೆಯನ್ನು ಬೀಳಿಸಲು ಎರಡು ದಾರಿಗಳಿವೆ, ಒಂದು ಕಲಿಸಿ, ಇನ್ನೊಂದು ಕೆಡವಿ. ಕಲಿಸುವ ದಾರಿಯಲ್ಲಿ, ಮಲಗುವುದನ್ನು ಬಲ್ಲ ಕುದುರೆಗೆ ಮೊದಲು ನಿಂತಲ್ಲಿ, ಆಮೇಲೆ ನಡೆಯುವಾಗ, ಕೊನೆಗೆ ಓಡುವಾಗ ಸವಾರನು ಲಗಾಮಿನಿಂದ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿದೊಡನೆ ಭುಜದ ಮೇಲೆ ಉರುಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಬೀಳುವ ಜಾಗದ ನೆಲವನ್ನು ಅಗೆದು, ಕಲ್ಲುಗಳನ್ನು ಆಯ್ದು, ಮೆತ್ತಗೆ ಮರಳನ್ನೋ ಸಡಿಲವಾದ ಮಣ್ಣನ್ನೋ ತುಂಬಿ, ಮೇಲೆ ಹುಲ್ಲು ಹರಡಿ ಸುತ್ತಲಿನ ನೆಲದಂತೆಯೇ ಕಾಣಿಸುತ್ತಾರೆ. ಹೀಗೆ ಬೀಳಬಲ್ಲ ಕುದುರೆಗಳು ಕೆಲವೇ. ಒಳ್ಳೆಯ ಓಟದ ಕುದುರೆಯೆಲ್ಲ ಈ ಕೆಲಸಕ್ಕೆ ಬಾರದು. ಅಂಥ ಕುದುರೆಗೆ ತಾನು ಬೀಳಲಿದ್ದೇನೆಂದು ಗೊತ್ತು, ಎಲ್ಲಿ ಬೀಳಬೇಕೆಂಬುದೂ ಗೊತ್ತು.

ಕೆಡವುವ ದಾರಿಯ ಕಥೆಯನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಆದರೂ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಕುದುರೆಯ ಮುಂಗಾಲುಗಳಿಗೆ ಪಟ್ಟಿ ಬಿಗಿದು, ಅದಕ್ಕೆ ಸಣ್ಣ ಉಕ್ಕಿನ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ನೆಲದಲ್ಲಿ ಹೂಳಿದ ಗೂಟಕ್ಕೆ ಬಿಗಿಯುತ್ತಿದ್ದರು. ಕುದುರೆ ನಾಗಾಲೋಟದಲ್ಲಿ ಹೋಗುತ್ತಿರುವಾಗ ತಂತಿಯ ಉದ್ದ ಮುಗಿಯುತ್ತದೆ; ಮುಂಗಾಲುಗಳು ಹಿಂದಕ್ಕೆ ಸೆಳೆಯಲ್ಪಟ್ಟು ಪ್ರಾಣಿ ತಲೆಕೆಳಗಾಗಿ ಅಪ್ಪಳಿಸುತ್ತದೆ. ಸವಾರನಿಗೆ ಗಳಿಗೆ ಗೊತ್ತು, ಅವನು ಹಾರಿಕೊಳ್ಳುತ್ತಾನೆ. ಕುದುರೆಗೆ ಏನೂ ಗೊತ್ತಿಲ್ಲ. ಹಾಲಿವುಡ್ಡಿನಲ್ಲಿ 1936ರಲ್ಲಿ ತೆಗೆದ 'ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್' ಚಿತ್ರದ ದಂಡಯಾತ್ರೆಯ ದೃಶ್ಯದಲ್ಲಿ ಈ ತಂತಿಗಳಿಂದ ಸುಮಾರು 25 ಕುದುರೆಗಳು ಸತ್ತವೆಂದು ಅಂದಿನಿಂದಲೂ ಹೇಳುತ್ತ ಬಂದಿದ್ದಾರೆ. 1939ರ 'ಜೆಸ್ಸಿ ಜೇಮ್ಸ್' ಚಿತ್ರಕ್ಕಾಗಿ ಕುದುರೆಯನ್ನು ಎತ್ತರದ ಬಂಡೆಯ ಮೇಲಿಂದ ನೀರಿಗೆ ಬೀಳಿಸಿದರು. ಸವಾರ ಬದುಕಿದ, ಕುದುರೆ ಸತ್ತಿತು. ಜನರು ಕೆರಳಿದರು. ಅದರ ಫಲವಾಗಿ 1940ರಲ್ಲಿ ಅಮೆರಿಕದ ಪ್ರಾಣಿದಯಾ ಸಂಸ್ಥೆಯೊಂದು ಹಾಲಿವುಡ್ಡಿನಲ್ಲಿಯೇ ಕಚೇರಿ ತೆರೆದು ಚಿತ್ರೀಕರಣಗಳ ಮೇಲೆ ಕಣ್ಣಿಟ್ಟಿತು.

ಮನಸ್ಸಿದ್ದರೆ ಬೇರೆ ದಾರಿಯುಂಟೆಂಬುದಕ್ಕೆ 'ಬೆನ್‌ಹರ್' ಚಿತ್ರಗಳೇ ಸಾಕ್ಷಿ. ಅದೇ ಕಥೆಯನ್ನು 1925ರಲ್ಲಿ ಚಿತ್ರವಾಗಿಸಿದಾಗ ರಥಗಳ ಪಂದ್ಯಕ್ಕಾಗಿ ಅನೇಕ ಕುದುರೆಗಳು ಪ್ರಾಣತೆತ್ತವು. 1959ರಲ್ಲಿ ರೋಮಿನ ಬಳಿ ಅದೇ ಪಂದ್ಯವನ್ನು ಮತ್ತೆ ತೆಗೆದಾಗ ಯುಗೋಸ್ಲಾವಿಯಾ, ಸಿಸಿಲಿಗಳಿಂದ ತಂದ 70ಕ್ಕೂ ಹೆಚ್ಚು ಕುದುರೆಗಳಿಗೆ ಗ್ಲೆನ್ ರ‍್ಯಾಂಡಲ್ ಎಂಬವರು ತಿಂಗಳುಗಟ್ಟಲೆ ತರಬೇತಿ ಕೊಟ್ಟರು. ಆ ಪಂದ್ಯದ ಸಾಹಸಗಳನ್ನು ಏರ್ಪಡಿಸಿದವರು ಯಕಿಮಾ ಕನಟ್. ಅವರ ಮಗ ಜೋ ನಾಯಕನ ಬದಲು ರಥ ನಡೆಸುತ್ತಿರುವಾಗ ರಥವು ಮುರುಕಿನ ಮೇಲೆ ಹಾರಿ ಅವರನ್ನು ಮುಂದಕ್ಕೆಸೆಯಿತು. ಗಲ್ಲದ ಗಾಯದೊಡನೆ ಪಾರಾದರು. ಆ ಅಪಘಾತವನ್ನು ಇಂದಿಗೂ ಚಿತ್ರದಲ್ಲಿ ಕಾಣಬಹುದು.

ನಮ್ಮ ಮುಂಬಯಿಗೂ ಈ ಇತಿಹಾಸದಲ್ಲಿ ಪಾಲುಂಟು. 1935ರಲ್ಲಿ ವಾಡಿಯಾ ಸೋದರರ 'ಹಂಟರ್‌ವಾಲಿ' ಬಂದಾಗ ಕುದುರೆಯೇರಿ ಚಾವಟಿ ಬೀಸುವ ನಾಡಿಯಾ ಮನೆಮಾತಾದರು. ಅವರ ಚಿತ್ರಗಳ ಕುದುರೆಗೆ 'ಪಂಜಾಬ್ ಕಾ ಬೇಟಾ' ಎಂಬ ಬಿರುದು, ನಟರ ಹೆಸರಿನ ಜೊತೆಗೆ ಅದರ ಹೆಸರೂ ಇರುತ್ತಿದ್ದಿತು! ನಾಡಿಯಾ ತಮ್ಮ ಸಾಹಸಗಳನ್ನು ತಾವೇ ಮಾಡಿದರು. ಎಲ್ಲರಿಂದಲೂ ಅದು ಆಗದು. 'ಕುದುರೆ ಕಂಡರೆ ಕಾಲುನೋವು' ಎಂಬ ಗಾದೆಯ ನಾಯಕನಾಯಿಕೆಯರೇ ಹೆಚ್ಚು. 'ಶೋಲೆ'ಯಲ್ಲಿ ಬಸಂತಿಯ ಟಾಂಗಾ ಡಕಾಯಿತರಿಂದ ತಪ್ಪಿಸಿಕೊಂಡು ಓಡುವಾಗ ಹೇಮಾಮಾಲಿನಿಯವರ ಬದಲು ಲಗಾಮು ಹಿಡಿದವರು ರೇಷ್ಮಾ ಪಠಾಣ್. ಟಾಂಗಾ ಮಗುಚಿ ಆಕೆಗೆ ಪೆಟ್ಟಾಯಿತು. ಆದರೂ ಕೆಲಸಕ್ಕೆ ಮರಳಿದರು. ಆಕೆಯ ಹೆಸರು ಪ್ರೇಕ್ಷಕರಿಗೆ ತಿಳಿಯಲು ದಶಕಗಳೇ ಹಿಡಿದುವು.

ಕಾನೂನಿನ ಮಾತನ್ನೂ ಹೇಳಬೇಕು. ನರ್ತಕಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹಿಡಿದ ಪಟ್ಟಿನ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾಯಿದೆ ಬಂದಿತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿ ಸ್ಥಾಪಿತವಾಯಿತು; ರುಕ್ಮಿಣೀದೇವಿಯವರೇ ಅದರ ಮೊದಲನೆಯ ಅಧ್ಯಕ್ಷರು. ಚಿತ್ರಗಳ ಮಟ್ಟಿಗೆ ಬಿಗಿಯಾದ ನಿಯಮಗಳು ಬಂದದ್ದು 2001ರಲ್ಲಿ, ಎಂದರೆ 'ಶೋಲೆ' ಬಂದು 26 ವರ್ಷಗಳಾದ ಮೇಲೆ. ಈಗ ಕುದುರೆಯನ್ನು ಬಳಸುವ ಮೊದಲೇ ಮಂಡಳಿಗೆ ತಿಳಿಸಬೇಕು. ಪಶುವೈದ್ಯರ ಪತ್ರ ಬೇಕು. ನುಣ್ಣನೆಯ ನೆಲದಲ್ಲಿ ಜಾರದ ಚಾಪೆಗಳಿಲ್ಲದೆ ಓಡಿಸುವಂತಿಲ್ಲ, ಲಾಳವಿಲ್ಲದೆ ಗಟ್ಟಿ ನೆಲದಲ್ಲಿ ನಡೆಸುವಂತಿಲ್ಲ, ಬೆಂಕಿಯ ಹತ್ತಿರವಾಗಲಿ ಸ್ಫೋಟದ ಹತ್ತಿರವಾಗಲಿ ನಿಲ್ಲಿಸುವಂತಿಲ್ಲ, ಮತ್ತುಬರುವ ಔಷಧ ಕೊಡುವಂತಿಲ್ಲ. ಹಾಗಿದ್ದೂ 2021ರಲ್ಲಿ ಹೈದರಾಬಾದಿನ ಬಳಿ ಒಂದು ಐತಿಹಾಸಿಕ ಚಿತ್ರದ ಯುದ್ಧದೃಶ್ಯವನ್ನು ತೆಗೆಯುವಾಗ ಕುದುರೆಯೊಂದು ಸತ್ತಿತು, ಪೊಲೀಸರಲ್ಲಿ ದೂರು ದಾಖಲಾಯಿತು. ನಿಯಮವಿರುವುದು ಬೇರೆ, ಬಿಸಿಲಿನಲ್ಲಿ "ಇನ್ನು ಆಗದು" ಎನ್ನುವ ಮನುಷ್ಯ ಇರುವುದು ಬೇರೆ.

ತೆರೆಯ ಮೇಲಿನ ಕುದುರೆಯ ಬಹುಪಾಲು ಇಂದು ಕುದುರೆಯೇ ಅಲ್ಲ. ನಟರ ಮುಖವನ್ನು ಹತ್ತಿರದಿಂದ ತೋರಿಸುವಾಗ ಅವರು ವಾಹನಕ್ಕೆ ಕಟ್ಟಿದ ಯಂತ್ರದ ಬೆನ್ನ ಮೇಲೆ ಕುಳಿತಿರಬಹುದು. ಕೆನೆತವನ್ನು ಆಮೇಲೆ ಸೇರಿಸುತ್ತಾರೆ. ಗೊರಸಿನ ಸದ್ದನ್ನು ತೆಂಗಿನ ಕರಟಗಳಿಂದಲೂ ಹುಟ್ಟಿಸಬಹುದು. ಸ್ಪೀಲ್‌ಬರ್ಗರ 'ವಾರ್ ಹಾರ್ಸ್' (2011) ಚಿತ್ರದಲ್ಲಿ ಜೋಯಿ ಎಂಬ ಒಂದು ಕುದುರೆಯ ಪಾತ್ರವನ್ನು ಮರಿಯಿಂದ ಹಿಡಿದು ಬೇರೆ ಬೇರೆ ವಯಸ್ಸಿನ ಅನೇಕ ಕುದುರೆಗಳು ವಹಿಸಿದುವು, ಎಲ್ಲಕ್ಕೂ ಒಂದೇ ಬಗೆಯ ಬಿಳಿಯ ಗುರುತುಗಳನ್ನು ಬಣ್ಣದಿಂದ ಬರೆದಿದ್ದರು. ಅದು ಸಿಕ್ಕಿಕೊಂಡು ಒದ್ದಾಡುವ ಮುಳ್ಳುತಂತಿಯೂ ನಿಜವಾದ ಮುಳ್ಳುತಂತಿಯಲ್ಲ. ಬೀಳುವ ಕುದುರೆಯನ್ನು ಗಣಕಯಂತ್ರದಲ್ಲಿಯೇ ರಚಿಸುವುದು ಈಗ ರೂಢಿಯಾಗುತ್ತಿದೆ; ಹಣ ಹೆಚ್ಚು ಬೇಕು, ಪ್ರಾಣ ಬೇಡ.

ನಾವು ನೋಡಲು ಹೋದ ದಿನ ಸಂಜೆ ಐದೂವರೆಗೆ ಕೆಲಸ ಮುಗಿಯಿತು. ಕುದುರೆಯಾಳು ಜೀನನ್ನೂ ಲಗಾಮನ್ನೂ ಬಿಚ್ಚಿ, ಬೆವರಾರುವ ತನಕ ಕಂದು ಕುದುರೆಯನ್ನು ನಿಧಾನವಾಗಿ ಸುತ್ತಾಡಿಸಿದರು. ಬಕೆಟ್ಟಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ನಾವು ಅವರನ್ನು ಆ ಹುಡುಗಿಯ ಪ್ರಶ್ನೆಯನ್ನೇ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಟ ಅಂತ ಅದಕ್ಕೆ ಗೊತ್ತಿಲ್ಲ ಸಾಹೇಬರೇ. ನನ್ನನ್ನು ಅದಕ್ಕೆ ಗೊತ್ತು, ಅಷ್ಟೇ" ಎಂದರು. ಅಷ್ಟರಲ್ಲಿ ಕುದುರೆ ಮೊಣಕಾಲೂರಿ, ಯಾರ ಸನ್ನೆಯೂ ಇಲ್ಲದೆ ಧೂಳಿನಲ್ಲಿ ಉರುಳಿಬಿದ್ದು, ನಾಲ್ಕು ಕಾಲುಗಳನ್ನೂ ಆಕಾಶಕ್ಕೆತ್ತಿ ಬೆನ್ನು ತಿಕ್ಕಿಕೊಳ್ಳತೊಡಗಿತು. ಅದನ್ನು ಚಿತ್ರೀಕರಿಸಲು ಕ್ಯಾಮರಾಗಳೊಂದೂ ಉಳಿದಿರಲಿಲ್ಲ, ಎಲ್ಲವನ್ನೂ ಗಾಡಿಗೇರಿಸಿಯಾಗಿತ್ತು.