ಸಣ್ಣ ಕಾಯಗಳ ಪ್ರದಕ್ಷಿಣೆ

ಬಾಳ್ಳುಪೇಟೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೊರಟವರು ಸಕಲೇಶಪುರವನ್ನು ದಾಟಿ ಘಟ್ಟವಿಳಿಯುವಾಗ, ತಿರುವು ತಿರುವಿಗೂ ತಮ್ಮ ಮೈ ಹೊರಮಗ್ಗುಲಿಗೆ ವಾಲುವುದನ್ನು ಬಲ್ಲರು. ಯಾವುದೋ ಶಕ್ತಿಯು ತಮ್ಮನ್ನು ಹೊರಕ್ಕೆ ನೂಕುತ್ತಿದೆಯೆಂದು ಅವರು ಭಾವಿಸುವುದು ಸಹಜವೇ. ವಸ್ತುಸ್ಥಿತಿಯಾದರೋ ಬೇರೆ. ಮೈಯು ನೇರವಾಗಿ ಸಾಗಬಯಸುತ್ತದೆ. ಹಳಿಯು ಗಾಡಿಯನ್ನೂ, ಗಾಡಿಯು ಪ್ರಯಾಣಿಕನನ್ನೂ ಒಳಮಗ್ಗುಲಿಗೆ ಒತ್ತುತ್ತವೆ. ಇಂತಹ ಒಳಮುಖವಾದ ಬಲವಿಲ್ಲದೆ ಯಾವ ವಸ್ತುವೂ ವೃತ್ತದಲ್ಲಿ ಚಲಿಸಲಾರದು.

ಆಕಾಶದಲ್ಲಿ ಹಳಿಗಳಿಲ್ಲ. ಅಲ್ಲಿ ಹಳಿಯ ಕೆಲಸವನ್ನು ಗುರುತ್ವಾಕರ್ಷಣೆಯೇ ಮಾಡುವುದು. ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಮೂರು ಕಿಲೋಮೀಟರಿಗೂ ತುಸು ಹೆಚ್ಚಿನ ವೇಗದಿಂದ ಸುತ್ತುತ್ತಿವೆ. ಅಲ್ಲಿ ಭೂಮಿಯ ಸೆಳೆತವೇ ಇಲ್ಲವೆಂದು ಓದುಬಲ್ಲವರೂ ಹೇಳುವುದುಂಟು. ಸೆಳೆತವಿಲ್ಲದಿದ್ದಲ್ಲಿ ಅವು ನೇರವಾಗಿ ಹೊರಟುಹೋಗಬೇಕಾಗಿತ್ತು. ಅವು ಸದಾ ಭೂಮಿಯ ಕಡೆಗೆ ಬೀಳುತ್ತಲೇ ಇವೆ. ಮುಂದಕ್ಕೆ ಸಾಗುವ ವೇಗದ ದೆಸೆಯಿಂದ ನೆಲವನ್ನು ಮುಟ್ಟುವುದಿಲ್ಲ, ಅಷ್ಟೆ.

ಇದೇ ನಿಯಮವು ಸಣ್ಣ ಕಾಯಗಳಲ್ಲಿ ಎಂತಹ ರೂಪವನ್ನು ತಾಳುವುದೆಂಬುದನ್ನು ವಾಚಕರು ಗಮನಿಸತಕ್ಕದ್ದು. ಬಂಡೆಗಲ್ಲಿನ, ಒಂದು ಕಿಲೋಮೀಟರ್ ವ್ಯಾಸದ ಗುಂಡೊಂದು ಆಕಾಶದಲ್ಲಿ ಒಂಟಿಯಾಗಿದೆಯೆಂದು ಭಾವಿಸೋಣ. ಅದರ ಮೈಗೆ ತಾಗಿಯೂ ತಾಗದಂತೆ ಸುತ್ತುವ ಹರಳಿಗೆ ಸೆಕೆಂಡಿಗೆ ಸುಮಾರು 43 ಸೆಂಟಿಮೀಟರ್ ವೇಗವು ಸಾಕು. ಅಂಬೆಗಾಲಿಡುವ ಕೂಸಿನ ವೇಗವದು. ಒಂದು ಸುತ್ತಿಗೆ ಸುಮಾರು ಎರಡು ಗಂಟೆ ಹಿಡಿಯುವುದು. ಅಲ್ಲಿ ನಿಂತವನು ಸಂತೆಗೆ ನಡೆದುಹೋಗುವಷ್ಟು ವೇಗದಿಂದ ಮೇಲಕ್ಕೆ ನೆಗೆದನಾದರೆ ಮರಳಿ ಬರಲಾರನು. ವಿಸ್ಮಯವೆಂದರೆ, ಗುಂಡಿನ ವ್ಯಾಸವನ್ನು ಹತ್ತರಷ್ಟು ಮಾಡಿದರೂ, ಕಲ್ಲು ಅದೇ ಆಗಿದ್ದ ಪಕ್ಷದಲ್ಲಿ, ಸುತ್ತಿನ ಕಾಲವು ಬದಲಾಗುವುದಿಲ್ಲ. ದಾರಿಯು ಹತ್ತರಷ್ಟಾದಂತೆ ವೇಗವೂ ಹತ್ತರಷ್ಟಾಗುವುದು.

ಸೆಳೆತವು ಕಡಮೆಯಾದಲ್ಲಿ ಕೆಲಸವು ಸುಲಭವೆಂದು ತಿಳಿಯಬಾರದು. 2018ರ ಡಿಸೆಂಬರ್ 31ರಂದು ಅಮೆರಿಕದ ಒಸೈರಿಸ್-ರೆಕ್ಸ್ ನೌಕೆಯು ಅರ್ಧ ಕಿಲೋಮೀಟರಿನಷ್ಟು ಅಗಲದ ‘ಬೆನ್ನು’ ಎಂಬ ಕ್ಷುದ್ರಗ್ರಹದ ಪ್ರದಕ್ಷಿಣೆಯನ್ನು ಆರಂಭಿಸಿದಾಗ, ಒಂದು ಸುತ್ತಿಗೆ ಸುಮಾರು 62 ಗಂಟೆ ಹಿಡಿಯಿತು. ಅಲ್ಲಿಯ ಬಂಧನವು ಅಷ್ಟು ಮೃದುವಾದುದರಿಂದ, ಸೂರ್ಯನ ಬೆಳಕಿನ ಅತ್ಯಲ್ಪ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಮೃದುವಾದ ಬಂಧನವನ್ನು ಮನುಷ್ಯನು ಅಲುಗಿಸಲೂ ಬಲ್ಲನು. ಡಿಡಿಮೋಸ್ ಎಂಬ ಕ್ಷುದ್ರಗ್ರಹವನ್ನು ಡೈಮಾರ್ಫಸ್ ಎಂಬ ಇನ್ನೂ ಚಿಕ್ಕ ಕಾಯವು 11 ಗಂಟೆ 55 ನಿಮಿಷಗಳಿಗೊಮ್ಮೆ ಸುತ್ತುತ್ತಿದ್ದಿತು. 2022ರ ಸೆಪ್ಟೆಂಬರಿನಲ್ಲಿ ಡಾರ್ಟ್ ಎಂಬ ನೌಕೆಯನ್ನು ಬೇಕೆಂದೇ ಅದಕ್ಕೆ ಅಪ್ಪಳಿಸಲು, ಸುತ್ತಿನ ಕಾಲವು ಅರ್ಧಗಂಟೆಗೂ ಹೆಚ್ಚಾಗಿ ಕುಗ್ಗಿತು. ಭೂಮಿಯ ಮೇಲಿನ ದೂರದರ್ಶಕಗಳಿಂದಲೇ ಇದನ್ನು ಅಳೆದರು. ಆಕಾಶದಿಂದೊದಗಬಹುದಾದ ಅಪಾಯವನ್ನು ಕೈಕಟ್ಟಿ ನೋಡಬೇಕಾಗಿಲ್ಲವೆಂಬುದಕ್ಕೆ ಇದು ಪ್ರಥಮ ನಿದರ್ಶನವು.

ಈ ಮಾತು ನಮಗೆ ದೂರದ್ದಲ್ಲ. ಸೂರ್ಯನನ್ನು ಸುತ್ತುವ ಅಪೋಫಿಸ್ ಎಂಬ ಕ್ಷುದ್ರಗ್ರಹವು, ನಮ್ಮ ಗಡಿಯಾರದಂತೆ 2029ರ ಏಪ್ರಿಲ್ 14ರ ನಸುಕಿನಲ್ಲಿ, ನೆಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ, ಎಂದರೆ ಹಾಸನದ ಕೇಂದ್ರದ ಉಪಗ್ರಹಗಳಿಗಿಂತಲೂ ಸಮೀಪದಲ್ಲಿ ಹಾದುಹೋಗಲಿದೆ. 2004ರಲ್ಲಿ ಅದು ಕಂಡುಬಂದಾಗ ಡಿಕ್ಕಿಯ ಶಂಕೆ ಹುಟ್ಟಿದ್ದಿತು. ಮರಳಿ ಮರಳಿ ಅಳೆದು ಗಣಿಸಿದ ತರುವಾಯ ಆ ಶಂಕೆಯು ನಿವಾರಣೆಯಾಯಿತು. ಅಭಯವನ್ನಿತ್ತದ್ದು ಶಾಂತಿಹೋಮವಲ್ಲ, ಗಣಿತ.

ಆ ದಿನಗಳು ಸಮೀಪಿಸಿದಂತೆ ಪ್ರಳಯದ ವದಂತಿಗಳು ಸಂತೆಸಂತೆಗೂ ಹಬ್ಬುವುವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅವಕ್ಕೆ ಉತ್ತರ ಕೊಡಬೇಕಾದವರು ನಮ್ಮ ಶಾಲೆಗಳ ಮಕ್ಕಳು. ಸೂತ್ರವನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಅದು ಸಾಧ್ಯವಾಗದು. ಹಗ್ಗಕ್ಕೆ ಕಲ್ಲು ಕಟ್ಟಿ ತಿರುಗಿಸಲಿ. ಹಗ್ಗವನ್ನು ಬಿಟ್ಟೊಡನೆ ಕಲ್ಲು ಎತ್ತ ಹೋಗುವುದೆಂಬುದನ್ನು ಬಯಲಿನಲ್ಲಿ ಕಣ್ಣಾರೆ ಕಾಣಲಿ. ಆಲೂರು, ಸಕಲೇಶಪುರ ಸೀಮೆಗಳ ಉಪಾಧ್ಯಾಯರೂ ವಿದ್ಯಾ ಇಲಾಖೆಯ ಅಧಿಕಾರಿಗಳೂ ಈಗಿನಿಂದಲೇ ಈ ಕಾರ್ಯಕ್ಕೆ ತೊಡಗಬೇಕೆಂದು ನಾವು ವಿಜ್ಞಾಪಿಸುತ್ತೇವೆ.