ಪ್ಯಾಕೆಟ್ ಊಟ ಮತ್ತು ಮನೆಯ ಅಡುಗೆ: ಹಲಾಲ್ ಜೊತೆಗೆ ತಯ್ಯಿಬ್ ಕೂಡ ನೋಡೋಣ

(ಜುಮಾ ಖುತ್ಬಾದ ಸಾರಾಂಶ, ವಿವರಣೆಯೊಂದಿಗೆ)



ಅಂಗಡಿಯಿಂದ ತಂದ ಪ್ಯಾಕೆಟ್ ಹಿಡಿದುಕೊಂಡು ಮಸೀದಿಗೆ ಬಂದು, "ಹಝರತ್, ಇದರ ಮೇಲೆ ಹಸಿರು ಚುಕ್ಕೆ ಇದೆ, ಮಕ್ಕಳಿಗೆ ಕೊಡಬಹುದಲ್ಲವೇ?" ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಕೇಳುವುದು ಒಳ್ಳೆಯದೇ. ಹಲಾಲ್-ಹರಾಮಿನ ಬಗ್ಗೆ ಕಾಳಜಿ ಇದ್ದವರು ಮಾತ್ರ ಹೀಗೆ ಕೇಳುತ್ತಾರೆ. ಆದರೆ ಪವಿತ್ರ ಕುರ್‌ಆನ್ ಊಟದ ವಿಷಯದಲ್ಲಿ ನಮ್ಮ ಮುಂದಿಡುವ ಪ್ರಶ್ನೆ ಒಂದಲ್ಲ, ಎರಡು. ಅಲ್ ಬಕರಃ ಅಧ್ಯಾಯದ 168ನೇ ವಚನದಲ್ಲಿ ಅಲ್ಲಾಹನು ಹಲಾಲ್ ಆದುದನ್ನು ಮಾತ್ರವಲ್ಲ, ತಯ್ಯಿಬ್ ಆದುದನ್ನು ತಿನ್ನಬೇಕೆಂದು ಮನುಷ್ಯರೆಲ್ಲರಿಗೂ ಹೇಳುತ್ತಾನೆ. ತಯ್ಯಿಬ್ ಎಂದರೆ ಶುದ್ಧವಾದದ್ದು, ಉತ್ತಮವಾದದ್ದು, ದೇಹಕ್ಕೆ ಹಿತವಾದದ್ದು. ಮೊದಲ ಪ್ರಶ್ನೆಯನ್ನು ನಾವು ಕೇಳುತ್ತೇವೆ. ಎರಡನೆಯದನ್ನು ಕೇಳುವುದು ಕಡಿಮೆ. ಈ ಲೇಖನ ಆ ಎರಡನೆಯ ಪ್ರಶ್ನೆಯ ಬಗ್ಗೆ.

ಬೇಗ ಆಗುವ ಊಟ ತಪ್ಪಲ್ಲ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬೇಗ ಆಗುವ ಊಟವನ್ನೆಲ್ಲ ಕೆಟ್ಟದ್ದೆಂದು ಇಸ್ಲಾಮ್ ಹೇಳುವುದಿಲ್ಲ. ಪ್ರವಾದಿ(ಸ)ಯವರ ಕಾಲದಲ್ಲೇ ಅಂಥ ಊಟ ಇತ್ತು. ಅದರ ಹೆಸರು ಸವೀಕ್. ಬಾರ್ಲಿ ಅಥವಾ ಗೋಧಿಯನ್ನು ಹುರಿದು ಬೀಸಿಟ್ಟುಕೊಂಡ ಹಿಟ್ಟು. ನೀರಲ್ಲಿ ಕಲಸಿದರೆ ಊಟ ಸಿದ್ಧ, ಒಲೆ ಹಚ್ಚಬೇಕಿಲ್ಲ. ಖೈಬರ್ ಪ್ರಯಾಣದಲ್ಲಿ ಸಹ್ಬಾ ಎಂಬ ಸ್ಥಳದಲ್ಲಿ ಪ್ರವಾದಿ(ಸ)ಯವರು ಊಟ ತರಿಸಿದಾಗ ಸವೀಕ್ ಬಿಟ್ಟು ಬೇರೇನೂ ಇರಲಿಲ್ಲ, ಅದನ್ನೇ ಎಲ್ಲರೊಂದಿಗೆ ಸೇವಿಸಿದರು ಎಂದು ಬುಖಾರಿಯಲ್ಲಿದೆ. ನಮ್ಮ ಕಡೆಯ ಹುರಿಹಿಟ್ಟು ಇದರದೇ ಬಂಧು. ಅವಲಕ್ಕಿಯೂ ಹಾಗೆಯೇ. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ ಅನೇಕ ದಿನ ಕೆಡದೆ ಇರುತ್ತದೆ. ಹೊಲಕ್ಕೆ ಹೋಗುವವರಿಗೂ ಪ್ರಯಾಣ ಹೊರಟವರಿಗೂ ಅದೇ ಬುತ್ತಿ.

ಹೊರಗಿನಿಂದ ಕೊಂಡು ತಿನ್ನುವುದೂ ತಪ್ಪಲ್ಲ. ಜುಮಾ ದಿನ ನಾವು ಓದುವ ಅಲ್ ಕಹ್ಫ್ ಅಧ್ಯಾಯದಲ್ಲಿ ಗುಹೆಯ ಯುವಕರ ಕಥೆ ಇದೆ. ದೀರ್ಘ ನಿದ್ರೆಯಿಂದ ಎದ್ದವರು ತಮ್ಮಲ್ಲೊಬ್ಬನಿಗೆ ಬೆಳ್ಳಿ ನಾಣ್ಯ ಕೊಟ್ಟು ಪೇಟೆಗೆ ಕಳಿಸುತ್ತಾರೆ. 19ನೇ ವಚನವನ್ನು ಗಮನಿಸಿ: ಹಸಿದಿದ್ದವರು ಸಿಕ್ಕಿದ್ದನ್ನು ತಾ ಎನ್ನಲಿಲ್ಲ. ಅತ್ಯಂತ ಶುದ್ಧವಾದ ಊಟ ಯಾವುದೆಂದು ನೋಡಿ ತರುವಂತೆ ಹೇಳಿದರು. ಪೇಟೆಯ ಊಟಕ್ಕೆ ಇಲ್ಲಿ ಅನುಮತಿ ಇದೆ, ನೋಡಿ ತರುವ ಜವಾಬ್ದಾರಿಯೂ ಇದೆ.

ನಮ್ಮ ರಾಜ್ಯದಲ್ಲಿ ಸಿದ್ಧ ಮಿಶ್ರಣಗಳಿಗೆ ಅರ್ಧ ಶತಮಾನದ ಇತಿಹಾಸವಿದೆ. ಬೆಂಗಳೂರಿನ ಎಂಟಿಆರ್ 1970ರ ದಶಕದಲ್ಲೇ ರವೆ ಇಡ್ಲಿಯಂಥ ತಿಂಡಿಗಳ ಮಿಕ್ಸ್‌ಗಳನ್ನು ಮಾರಾಟಕ್ಕೆ ತಂದಿತು. ಅದೇ ನಗರದಲ್ಲಿ 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸಂಬಂಧಿಕರು ಐಡಿ ಹೆಸರಿನಲ್ಲಿ ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ ಶುರು ಮಾಡಿದರು. ಅಕ್ಕಿ, ಉದ್ದು ರುಬ್ಬಿದ ಹಿಟ್ಟನ್ನು ಕೊಂಡು ಮನೆಯ ಕಾವಲಿಯ ಮೇಲೆ ದೋಸೆ ಹೊಯ್ಯುವುದನ್ನೂ, ಕುದಿನೀರಿಗೆ ಹಾಕಿದರೆ ಎರಡು ನಿಮಿಷದಲ್ಲಿ ಆಗುವ ನೂಡಲ್ಸನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗಾದರೆ ಬದಲಾಗಿರುವುದೇನು?

ಬ್ರೆಝಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ಮತ್ತು ಅವರ ಸಂಗಡಿಗರು ಆಹಾರವನ್ನು ನಾಲ್ಕು ಗುಂಪಾಗಿ ವಿಂಗಡಿಸಿದ್ದಾರೆ. ಅಕ್ಕಿ, ತರಕಾರಿ, ಮಾಂಸ, ಹಾಲಿನಂಥವು ಮೊದಲ ಗುಂಪು. ಎಣ್ಣೆ, ಉಪ್ಪು, ಸಕ್ಕರೆ ಎರಡನೆಯದು. ಇವೆರಡನ್ನೂ ಸೇರಿಸಿ ಮಾಡಿದ ಉಪ್ಪಿನಕಾಯಿ, ಪನೀರ್‌ನಂಥ ಸರಳ ಪದಾರ್ಥಗಳು ಮೂರನೆಯದು. ನಾಲ್ಕನೆಯದು ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ. ಅದರಲ್ಲಿ ಮನೆಯ ಅಡುಗೆಮನೆಯಲ್ಲಿ ಎಂದೂ ಇಡದ ವಸ್ತುಗಳಿರುತ್ತವೆ: ಕೃತಕ ಬಣ್ಣ, ಪರಿಮಳ, ಎಣ್ಣೆ-ನೀರನ್ನು ಬೆರೆಸಿ ಹಿಡಿದಿಡುವ ರಾಸಾಯನಿಕ, ರುಚಿ ಹೆಚ್ಚಿಸುವ ಪುಡಿ. ಹೆಚ್ಚಿನ ಇನ್‌ಸ್ಟಂಟ್ ನೂಡಲ್ಸ್, ಚಿಪ್ಸ್, ಕ್ರೀಮ್ ಬಿಸ್ಕತ್ತು, ತಂಪು ಪಾನೀಯ, ಫ್ರೋಝನ್ ನಗೆಟ್ಸ್ ಈ ಗುಂಪಿಗೆ ಸೇರುತ್ತವೆ.

ಇವು ಯಾಕೆ ತೊಂದರೆ? ಮೃದುವಾಗಿರುವುದರಿಂದ ಬೇಗ ಬೇಗ ತಿನ್ನುತ್ತೇವೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಯುವಷ್ಟರಲ್ಲಿ ಹೆಚ್ಚು ತಿಂದಾಗಿರುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 20 ಜನರನ್ನು ನಾಲ್ಕು ವಾರ ತಮ್ಮ ಕೇಂದ್ರದಲ್ಲೇ ಇರಿಸಿಕೊಂಡು ಪರೀಕ್ಷಿಸಿದರು. ಎರಡು ವಾರ ಅತಿಯಾಗಿ ಸಂಸ್ಕರಿಸಿದ ಊಟ, ಎರಡು ವಾರ ಸಾದಾ ಪದಾರ್ಥಗಳಿಂದ ಮಾಡಿದ ಊಟ. ಮುಂದೆ ಇಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮವಾಗಿದ್ದವು. ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿಸಿದ ಊಟ ಕೊಟ್ಟಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ತೂಕ ಸುಮಾರು 900 ಗ್ರಾಂ ಏರಿತು. ಹೊಟ್ಟೆಯ ಮೂರರಲ್ಲೊಂದು ಭಾಗ ಊಟಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಇದು ಯೋಚಿಸಬೇಕಾದ ವಿಷಯ.

ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ತಿಳಿಸಿತು. ಇದಕ್ಕೆಲ್ಲ ಪ್ಯಾಕೆಟ್ ಒಂದೇ ಕಾರಣ ಎಂದರೆ ಅನ್ಯಾಯವಾದೀತು. ಮನೆಯಲ್ಲೇ ಮಾಡಿದ್ದೆಂದು ಡಾಲ್ಡಾ ಸುರಿದ ಬಿರಿಯಾನಿ, ದಿನಕ್ಕೆ ಐದಾರು ಸಲ ಸಕ್ಕರೆ ಚಹಾ, ಇಫ್ತಾರ್‌ನಲ್ಲಿ ತಟ್ಟೆ ತುಂಬ ಕರಿದ ಸಮೋಸ, ಇವೂ ತಯ್ಯಿಬ್ ಆಗುವುದಿಲ್ಲ. ಮನೆಯ ಅಡುಗೆಯಲ್ಲಿ ಎಣ್ಣೆ ಎಷ್ಟು, ಉಪ್ಪು ಎಷ್ಟು ಎಂಬುದು ನಮ್ಮ ಕೈಯಲ್ಲಿರುತ್ತದೆ. ಕಾರ್ಖಾನೆಯ ಊಟದಲ್ಲಿ ಅದು ನಮ್ಮ ಕೈಯಲ್ಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು.

ಪ್ಯಾಕೆಟ್ ಓದುವುದು ಹೇಗೆ?

ಅಬಸ ಅಧ್ಯಾಯದ 24ನೇ ವಚನ, ಮನುಷ್ಯನು ತನ್ನ ಊಟದ ಕಡೆ ನೋಡಲಿ ಎನ್ನುತ್ತದೆ. ಮಳೆ, ಮಣ್ಣು, ಬೆಳೆ ಎಂದು ಊಟದ ಹಿಂದಿರುವ ಅಲ್ಲಾಹನ ಕೃಪೆಯನ್ನು ನೋಡುವಂತೆ ಅಲ್ಲಿ ಹೇಳಲಾಗಿದೆ. ಇಂದು ಊಟದ ಕಡೆ ನೋಡುವುದೆಂದರೆ ಪ್ಯಾಕೆಟ್ಟಿನ ಹಿಂಭಾಗವನ್ನು ಓದುವುದೂ ಹೌದು. ಐದು ವಿಷಯ ತಿಳಿದರೆ ಸಾಕು.

ಒಂದು, ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಮೊದಲ ಮೂರು ಹೆಸರುಗಳಲ್ಲಿ ಮೈದಾ, ತಾಳೆ ಎಣ್ಣೆ, ಸಕ್ಕರೆ ಇದ್ದರೆ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ಅವನ್ನೇ. ಮುಂಭಾಗದಲ್ಲಿ ರಾಗಿ, ಓಟ್ಸ್, ಹಣ್ಣಿನ ಚಿತ್ರ ಏನೇ ಇರಲಿ.

ಎರಡು, ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಟೀ ಚಮಚದಷ್ಟು. ಪ್ಯಾಕೆಟ್ಟಿನಲ್ಲಿ ಉಪ್ಪಿನ ಬದಲು ಸೋಡಿಯಂ ಎಂದು ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂಗೆ 1000 ಮಿಲಿಗ್ರಾಂ ಸೋಡಿಯಂ ಎಂದಿರುವ 70 ಗ್ರಾಂ ಪ್ಯಾಕೆಟ್ ತಿಂದ ಮಗು ಒಂದೇ ತಿಂಡಿಯಲ್ಲಿ 1.75 ಗ್ರಾಂ ಉಪ್ಪು ತಿಂದಂತಾಯಿತು. ದೊಡ್ಡವರ ಇಡೀ ದಿನದ ಮಿತಿಯ ಮೂರರಲ್ಲೊಂದು ಪಾಲು ಅದು.

ಮೂರು, ಸಕ್ಕರೆ. ಆದಷ್ಟು ದಿನಕ್ಕೆ 25 ಗ್ರಾಂ ಒಳಗೇ ಇರಲಿ ಎಂಬುದು ಅದೇ ಸಂಸ್ಥೆಯ ಸಲಹೆ. 100 ಮಿ.ಲೀ.ಗೆ 13 ಗ್ರಾಂ ಸಕ್ಕರೆ ಎಂದಿರುವ 200 ಮಿ.ಲೀ. ಜ್ಯೂಸ್ ಡಬ್ಬಿಯೊಂದರಲ್ಲೇ 26 ಗ್ರಾಂ ಆಯಿತು.

ನಾಲ್ಕು, ಗುರುತು. ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರ ಎನ್ನುತ್ತದೆ, ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ. ಮದ್ಯಸಾರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕೆಲವು ಎಸೆನ್ಸ್‌ಗಳಲ್ಲಿ ಪರಿಮಳವನ್ನು ಕರಗಿಸಲು ಆಲ್ಕೋಹಾಲ್ ಬಳಸುತ್ತಾರೆ. ಚೌಕದೊಳಗಿನ ಕಂದು ತ್ರಿಕೋನ ಮಾಂಸಾಹಾರದ ಗುರುತು. ಅದು ಯಾವ ಪ್ರಾಣಿ, ಝಬಹ್ ಹೇಗಾಯಿತು ಎಂಬುದನ್ನು ಅದು ತಿಳಿಸುವುದಿಲ್ಲ. ಫ್ರೋಝನ್ ಕೋಳಿ ಪದಾರ್ಥಗಳನ್ನು ಕೊಳ್ಳುವಾಗ ಹಲಾಲ್ ಪ್ರಮಾಣವನ್ನು ಬೇರೆಯಾಗಿ ನೋಡಲೇಬೇಕು.

ಐದು, ಐಎನ್‌ಎಸ್ ಸಂಖ್ಯೆಗಳು. 471 ಎಂಬುದು ಗಿಡದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. ಹಸಿರು ಚುಕ್ಕೆ ಇದ್ದರೆ ಗಿಡದ್ದು ಎಂದುಕೊಳ್ಳಬಹುದು. ಆದರೆ ಕೊಲ್ಲಿಯಿಂದ ಬಂಧುಗಳು ತರುವ ಪ್ಯಾಕೆಟ್ಟಿನ ಮೇಲೆ ಆ ಗುರುತು ಇರುವುದಿಲ್ಲ. 120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ. ಸಂಶಯ ಬಂದರೆ ನಿಮ್ಮ ಮೊಹಲ್ಲಾದ ಆಲಿಮರನ್ನು ಕೇಳಿ.

ಒಲೆಯ ಮುಂದೆ ನಿಂತವರು ಯಾರು?

ಇಷ್ಟನ್ನು ಮಿಂಬರಿನಿಂದ ಹೇಳಿದರೆ ಗಂಡಸರು ಮನೆಗೆ ಹೋಗಿ, "ಕೇಳಿದೆಯಾ, ಇನ್ನು ಪ್ಯಾಕೆಟ್ ತರಬೇಡ, ಎಲ್ಲ ಮನೆಯಲ್ಲೇ ಮಾಡು" ಎಂದು ಹೇಳಿಬಿಡುವ ಅಪಾಯವಿದೆ. ಖುತ್ಬಾದ ಉದ್ದೇಶ ಅದಲ್ಲ. ಪ್ಯಾಕೆಟ್ ನಮ್ಮ ಮನೆಗೆ ಬಂದದ್ದು ಹೆಂಗಸರ ಸೋಮಾರಿತನದಿಂದಲ್ಲ, ಸಮಯ ಸಾಲದೆ. ಬೆಳಗ್ಗೆ ಶಾಲೆಯ ಡಬ್ಬಿ, ಆಮೇಲೆ ಬೀಡಿ ಕಟ್ಟುವುದೋ ಹೊಲಿಗೆಯೋ ಕಚೇರಿಯೋ, ಜೊತೆಗೆ ವಯಸ್ಸಾದ ಅತ್ತೆ-ಮಾವನ ಆರೈಕೆ. ಹೀಗಿರುವಾಗ ಎರಡು ನಿಮಿಷದ ನೂಡಲ್ಸ್ ಆಕೆಗೆ ಉಸಿರಾಡಲು ಸಿಕ್ಕ ಎರಡು ನಿಮಿಷ.

ಹಝ್ರತ್ ಫಾತಿಮಾ(ರ)ರವರ ಕೈಗಳಲ್ಲಿ ಬೀಸುಕಲ್ಲಿನ ಗುರುತು ಮೂಡಿತ್ತು. ಸಹಾಯಕ್ಕೆ ಒಬ್ಬರನ್ನು ಕೇಳಲು ಅವರು ತಂದೆಯ ಮನೆಗೆ ಹೋದರು. ಪ್ರವಾದಿ(ಸ)ಯವರು ರಾತ್ರಿ ಅವರ ಮನೆಗೇ ಬಂದು, ಮಲಗುವ ಮುನ್ನ ಹೇಳುವ ತಸ್ಬೀಹನ್ನು ಕಲಿಸಿದರು. ಈ ಹದೀಸಿನಿಂದ ತಸ್ಬೀಹನ್ನು ನಾವು ನೆನಪಿಟ್ಟುಕೊಂಡೆವು. ಆ ಕೈಗಳ ಗುರುತನ್ನೂ ನೆನಪಿಡಬೇಕು. ಹಿಟ್ಟು ಬೀಸುವುದು ದಣಿವಿನ ಕೆಲಸ ಎಂಬುದನ್ನು ನಮ್ಮ ಗ್ರಂಥಗಳು ಮುಚ್ಚಿಡಲಿಲ್ಲ.

ಪ್ರವಾದಿ(ಸ)ಯವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ)ರನ್ನು ಕೇಳಿದಾಗ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಅವರು ತಿಳಿಸಿದರು. ಅಡುಗೆ ಪತ್ನಿಯ ಮೇಲೆ ವಾಜಿಬ್ ಹೌದೇ ಎಂಬ ಬಗ್ಗೆ ಫುಕಹಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನಮ್ಮ ಕರಾವಳಿಯಲ್ಲಿ ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಸಿದ್ಧ ಅಭಿಪ್ರಾಯದಂತೆ ಅದು ವಾಜಿಬ್ ಅಲ್ಲ. ಹನಫಿ ಮದ್‌ಹಬ್ ಅದನ್ನು ಅಲ್ಲಾಹನ ಮುಂದಿನ ಹೊಣೆ ಎನ್ನುತ್ತದೆ, ಆದರೆ ಖಾಝಿ ಬಲವಂತ ಮಾಡುವಂತಿಲ್ಲ. ಅಂದರೆ ದಿನವೂ ತಟ್ಟೆಗೆ ಬರುವ ಬಿಸಿ ರೊಟ್ಟಿಯನ್ನು ನಮ್ಮ ಹಕ್ಕೆಂದು ಭಾವಿಸದೆ, ಮನೆಯವರ ಉಪಕಾರವೆಂದು ತಿಳಿದು ಕೃತಜ್ಞತೆ ಹೇಳಬೇಕು.

ಇನ್ನೊಂದು ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸೇವಕನು ಊಟ ತಂದಾಗ ಅವನನ್ನೂ ಜೊತೆಗೆ ಕೂರಿಸಿಕೊಳ್ಳಿ, ಇಲ್ಲದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಿ, ಏಕೆಂದರೆ ಅಡುಗೆಯ ಬಿಸಿಯನ್ನು ಸಹಿಸಿದವನು ಅವನು ಎಂಬುದು ಅದರ ಸಾರ. ಸೇವಕನಿಗೇ ಈ ಗೌರವವಾದರೆ, ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಿನ್ನುವ ತಾಯಿಗೆ, ಪತ್ನಿಗೆ, ಸೊಸೆಗೆ ಎಷ್ಟಿರಬೇಕು?

ಈ ವಾರದಿಂದ ಏನು ಮಾಡಬಹುದು?

ಎಲ್ಲವನ್ನೂ ಒಂದೇ ದಿನ ಬದಲಾಯಿಸಲು ಹೋಗಬೇಡಿ. ದಿನಕ್ಕೊಂದು ಊಟವಾದರೂ ಪೂರ್ತಿ ಮನೆಯ ಪದಾರ್ಥದಿಂದ ಆಗಲಿ, ಬಿಸಿ ಅನ್ನಕ್ಕೆ ಬೇಳೆ ಸಾರು, ಒಂದು ಪಲ್ಯ ಇದ್ದರೂ ಸಾಕು. ರಜೆಯ ದಿನ ಗಂಡಸರು, ಗಂಡುಮಕ್ಕಳು ಶುಂಠಿ-ಬೆಳ್ಳುಳ್ಳಿ ಸುಲಿದು ಅರೆದು, ಈರುಳ್ಳಿ ಹುರಿದು ಫ್ರಿಜ್‌ನಲ್ಲಿಟ್ಟರೆ ವಾರದ ಅರ್ಧ ಕೆಲಸ ಮುಗಿಯಿತು. ತರಕಾರಿ ಹೆಚ್ಚುವುದನ್ನು, ಪಾತ್ರೆ ತೊಳೆಯುವುದನ್ನು ಹೆಣ್ಣುಮಕ್ಕಳಿಗೆ ಮಾತ್ರ ಕಲಿಸದೆ ಗಂಡುಮಕ್ಕಳಿಗೂ ಕಲಿಸೋಣ.

ಕೊಳ್ಳುವುದಾದರೆ ನೋಡಿ ಕೊಳ್ಳೋಣ. ಕಲಬುರಗಿ, ವಿಜಯಪುರದ ಕಡೆ ಮಹಿಳೆಯರು ರೊಟ್ಟಿ ಬಡಿದು ಮಾರುತ್ತಾರೆ. ನಿಮ್ಮ ಬೀದಿಯಲ್ಲೂ ಮಸಾಲೆ, ಹಪ್ಪಳ, ಪತ್ತಿರ್ ಮಾಡಿ ಬದುಕುವ ವಿಧವೆಯೋ ಬಡ ಕುಟುಂಬವೋ ಇದ್ದೀತು. ಅವರಿಂದ ಕೊಂಡರೆ ನಮ್ಮ ಸಮಯವೂ ಉಳಿಯಿತು, ಅವರ ಒಲೆಯೂ ಉರಿಯಿತು. ಸಾರು ಮಾಡುವಾಗ ನೀರನ್ನು ಸ್ವಲ್ಪ ಹೆಚ್ಚಿಸಿ ನೆರೆಯವರಿಗೂ ಕೊಡುವಂತೆ ಪ್ರವಾದಿ(ಸ)ಯವರು ಅಬೂದರ್ರ್(ರ)ರಿಗೆ ಹೇಳಿದ್ದರು. ಅಳತೆ ಮಾಡಿ ತುಂಬಿದ ಪ್ಯಾಕೆಟ್‌ಗೆ ನೀರು ಹೆಚ್ಚಿಸಲಾಗದು. ಮನೆಯ ಸಾರಿನ ಪಾತ್ರೆಯಲ್ಲಿ ಮಾತ್ರ ನೆರೆಯವರ ಪಾಲಿಗೂ ಜಾಗವಿರುತ್ತದೆ.

ಅಲ್ಲಾಹನು ನಮ್ಮ ಊಟವನ್ನು ಹಲಾಲ್ ಮತ್ತು ತಯ್ಯಿಬ್ ಆಗಿಸಲಿ, ಅದನ್ನು ಬೇಯಿಸುವ ಕೈಗಳಿಗೆ ಆರೋಗ್ಯವನ್ನೂ ಪ್ರತಿಫಲವನ್ನೂ ಕೊಡಲಿ, ಆ ಕೈಗಳ ಭಾರವನ್ನು ಹಂಚಿಕೊಳ್ಳುವ ಮನಸ್ಸನ್ನು ನಮಗೆಲ್ಲರಿಗೂ ನೀಡಲಿ. ಆಮೀನ್.