ಹಾಡು ಮತ್ತು ಒಡೆತನ: ಆನಿ ಡಿಫ್ರಾಂಕೊ

ಗೀತರಚನೆ, ಗಾಯನ, ಮುದ್ರಣ ಮೂರನ್ನೂ ಒಬ್ಬರೇ ನಿರ್ವಹಿಸಿದಾಗ ಕೃತಿಯ ಒಡೆತನದ ಪ್ರಶ್ನೆ ಬೇರೆಯೇ ಸ್ವರೂಪ ತಾಳುತ್ತದೆ. ಅಮೆರಿಕದ ಬಫಲೋ ನಗರದಲ್ಲಿ 1970ರಲ್ಲಿ ಜನಿಸಿದ ಆನಿ ಡಿಫ್ರಾಂಕೊ 1990ರಲ್ಲಿ ತಮ್ಮ ಮೊದಲ ಧ್ವನಿಸುರುಳಿಯನ್ನು ತಾವೇ ಹೊರತಂದು, ಹಾಡಿದಲ್ಲೆಲ್ಲ ತಾವೇ ಮಾರಿದರು. ಕಾದಂಬರಿಗಳನ್ನು ಹೊತ್ತು ಮಾರಿದ ಗಳಗನಾಥರು ಇಲ್ಲಿ ನೆನಪಾಗುವುದು ಸಹಜ. ಆದರೆ ಸಾಮ್ಯ ಪೂರ್ಣವಲ್ಲ. ಗಳಗನಾಥರು ಓದುಗವರ್ಗವನ್ನೇ ಕಟ್ಟಬೇಕಿತ್ತು. ಡಿಫ್ರಾಂಕೊ ಅವರಿಗಾದರೋ ದೊಡ್ಡ ಕಂಪನಿಗಳ ಆಹ್ವಾನವಿತ್ತು. ಅಂಥ ಒಪ್ಪಂದಗಳಲ್ಲಿ ಮೂಲಮುದ್ರಣದ ಹಕ್ಕು ಸಾಮಾನ್ಯವಾಗಿ ಕಂಪನಿಯ ಪಾಲಾಗುತ್ತಿತ್ತು. ಅವರು ಒಪ್ಪಲಿಲ್ಲ. ಈ ನಿರಾಕರಣೆಯ ಫಲ ಅನ್ಯರಿಗೂ ದಕ್ಕಿತೆಂಬುದು ಗಮನಾರ್ಹ. ಕಾರ್ಮಿಕ ಗಾಯಕ ಯೂಟಾ ಫಿಲಿಪ್ಸ್ ಅವರ ಕಥನಗಳಿಗೆ ಹೊಸ ಲಯ ಕೂಡಿಸಿ 1996ರಲ್ಲಿ ತಮ್ಮ ರೈಚಸ್ ಬೇಬ್ ಸಂಸ್ಥೆಯಿಂದ ಪ್ರಕಟಿಸಿದರು. 2010ರಲ್ಲಿ ಅನೈಸ್ ಮಿಚೆಲ್ ಅವರ 'ಹೇಡ್ಸ್‌ಟೌನ್' ಅಲ್ಲಿಂದಲೇ ಹೊರಬಂದು, 2019ರಲ್ಲಿ ಬ್ರಾಡ್‌ವೇ ರಂಗವನ್ನೇರಿತು.